ಕಾರಣ ತಿಳಿಯದ ಕಲೆ

ಕಾರಣವಿಲ್ಲದೆ ಕಾರ್ಯವಿಲ್ಲವೆಂದು ಮೂವತ್ತು ವರ್ಷ ತರಗತಿಯಲ್ಲಿ ಬೋಧಿಸಿದವನು ನಾನು. ಕಳೆದ ಚಳಿಗಾಲದಲ್ಲಿ ಆ ಸೂತ್ರದ ಪರೀಕ್ಷೆ ನನ್ನ ಎದೆಯೊಳಗೇ ನಡೆಯಿತು. ಮೆಟ್ಟಿಲೇರುವಾಗ ಉಸಿರು ಸಾಲದಾಗಲು ಸೊಲ್ಲಾಪುರಕ್ಕೆ ಹೋಗಿ ಕ್ಷ-ಕಿರಣದ ಚಿತ್ರ ತೆಗೆಸಿದೆ. ವೈದ್ಯರು ಅದನ್ನು ನೋಡಿ, "ಗುರುಗಳೇ, ಶ್ವಾಸಕೋಶವನ್ನು ಸುತ್ತಿದ ಪೊರೆ ಎರಡೂ ಕಡೆ ದಪ್ಪಗಟ್ಟಿದೆ, ಅಲ್ಲಲ್ಲಿ ಸುಣ್ಣಗಟ್ಟಿದ ಕಲೆಗಳಿವೆ" ಎಂದರು.

ಅನಂತರ ಪ್ರಶ್ನೆಗಳು. ಕ್ಷಯ ಬಂದಿತ್ತೆ? ಎದೆಯಲ್ಲಿ ನೀರು ತುಂಬಿತ್ತೆ? ಪಕ್ಕೆಲುಬಿಗೆ ಪೆಟ್ಟು ಬಿದ್ದಿತ್ತೆ? ಕಲ್ನಾರಿನ ಕಾರ್ಖಾನೆಯಲ್ಲಿ ದುಡಿದಿರಾ? ಪಾಠ ಕಲಿಯದ ಹುಡುಗನಂತೆ ನಿಂತು ಎಲ್ಲಕ್ಕೂ "ಇಲ್ಲ" ಎಂದೆ. "ಕಾರಣ ತಿಳಿದಿಲ್ಲ" ಎಂದು ಅವರು ಬರೆದುಕೊಟ್ಟರು.

ಊರಿನವರಿಗೆ ಮಾತ್ರ ಕಾರಣ ತಿಳಿದಿತ್ತು: ಕ್ಷಯ! ನೆರೆಮನೆಯಲ್ಲಿ ನನ್ನ ಚಹದ ಬಟ್ಟಲು ಬೇರೆಯಾಯಿತು. ಕಲೆ ಅಂಟುವ ವಸ್ತುವಲ್ಲವೆಂದು ಯಾರಿಗೆ ಹೇಳಲಿ?

ಮತ್ತೊಮ್ಮೆ ಹೋದಾಗ ವೈದ್ಯರು ಗ್ರೀಸ್ ದೇಶದ ಮೆಟ್ಸೊವೊ ಎಂಬ ಬೆಟ್ಟದೂರಿನ ಸಂಗತಿ ಹೇಳಿದರು. ಕಲ್ನಾರಿನ ಕಾರ್ಖಾನೆಯನ್ನೇ ಕಾಣದ ಅಲ್ಲಿನ ಅನೇಕರ ಎದೆಯಲ್ಲಿ ಇಂಥವೇ ಕಲೆಗಳಿದ್ದುವಂತೆ. ಅವರು ಮನೆಯ ಗೋಡೆಗೆ ಬಳಿಯುತ್ತಿದ್ದ 'ಲೂಟೋ' ಎಂಬ ಬಿಳಿಮಣ್ಣಿನಲ್ಲಿಯೇ ಕಲ್ನಾರಿನ ಎಳೆಗಳಿದ್ದುವೆಂದು 1980ರ ದಶಕದಲ್ಲಿ ಸಂಶೋಧಕರು ಕಂಡುಕೊಂಡರು. ಮನೆ ಚೊಕ್ಕವಾಗಿರಲೆಂದು ಬಳಿದ ಮಣ್ಣು! ಉಸಿರಿನೊಡನೆ ಹೊಕ್ಕ ಎಳೆ ಕಲೆಯಾಗಿ ಕಾಣಲು ಇಪ್ಪತ್ತು ಮೂವತ್ತು ವರ್ಷಗಳೂ ಹಿಡಿಯುತ್ತವೆ.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೌಕರಿಯ ಮೊದಲ ವರ್ಷದ ಬೇಸಗೆ ನೆನಪಾಯಿತು. ಶಾಲೆಯ ಮಾಡಿನ ಸಿಮೆಂಟಿನ ಪತ್ರಾಸು ಒಡೆದಿತ್ತು. ಹೊಸದನ್ನು ಗರಗಸದಿಂದ ಕೊಯ್ದವನು ನಾನು. ಬೂದಿಯಂಥ ಪುಡಿಯನ್ನು ಗುಡಿಸಿದವರು ಏಳನೆಯ ತರಗತಿಯ ಹುಡುಗರು. ಆ ಪತ್ರಾಸಿನಲ್ಲಿ ಕಲ್ನಾರು ಬೆರೆತಿರುತ್ತದೆಂದು ನಮಗಾರಿಗೂ ತಿಳಿದಿರಲಿಲ್ಲ. ಅವರ ಶ್ರಮದಾನವನ್ನು ಮರುದಿನ ಪ್ರಾರ್ಥನೆಯ ವೇಳೆ ಹೊಗಳಿದ್ದೆ.

ಇದೇ ಕಾರಣವೆ? ವೈದ್ಯರು, "ಇರಬಹುದು; ಕೆಲವು ದಿನಗಳ ಧೂಳಿನಿಂದಲೇ ಹೀಗಾಯಿತೆನ್ನುವುದು ಕಷ್ಟ" ಎಂದರು. ನನ್ನ ಚೀಟಿಯ ಮೇಲಿನ ಬರೆಹ ಬದಲಾಗಲಿಲ್ಲ.

ಆದರೂ ಇದನ್ನು ಬರೆಯುತ್ತಿರುವೆ. ಅಂದು ಪೊರಕೆ ಹಿಡಿದವರಲ್ಲಿ ಯಾರಾದರೂ ಇದನ್ನು ಓದಿದರೆ, ಏದುಸಿರು ಬಂದಾಗ ಆ ದಿನವನ್ನು ವೈದ್ಯರಿಗೆ ಮರೆಯದೆ ಹೇಳಿರಿ, ಹೊಗೆಸೊಪ್ಪಿದ್ದರೆ ಬಿಡಿರಿ. ಸಹೋದ್ಯೋಗಿಗಳೇ, ಹಳೆಯ ಪತ್ರಾಸನ್ನು ಕೊಯ್ಯಬೇಡಿರಿ, ಒಡೆಯಬೇಡಿರಿ. ಪುಡಿಯನ್ನು ಒಣಗಿದ್ದಾಗ ಗುಡಿಸಬೇಡಿರಿ. ಮಕ್ಕಳನ್ನು ಅದರ ಹತ್ತಿರ ಸುಳಿಯಗೊಡಬೇಡಿರಿ.

ಕಾರಣವಿಲ್ಲದೆ ಕಾರ್ಯವಿಲ್ಲವೆಂದು ಈಗಲೂ ಹೇಳುವೆ. ಎಲ್ಲ ಕಾರಣವೂ ನಮಗೆ ತಿಳಿದೀತೆಂದು ಮಾತ್ರ ಇನ್ನು ಹೇಳಲಾರೆ.