ನಾಲ್ಕು ತಾಲ್ಲೂಕುಗಳಲ್ಲಿ ಎರಡು ಹಾಡುಪೆಟ್ಟಿಗೆಗಳು

ಪಾವಗಡದ ಸೀಮೆಯ ಹಳ್ಳಿಯೊಂದರಲ್ಲಿರುವ ನಮ್ಮ ಅಕ್ಕನವರಿಗೆ ಈಚೆಗೆ ದೃಷ್ಟಿಯು ಬಹಳ ಮಂದವಾಗಿದೆ. ದಿನವೂ ಭಾರತವನ್ನು ಓದುತ್ತಿದ್ದವರಿಗೆ ಈಗ ಅಕ್ಷರವು ಕಾಣದು. ಗಮಕವಾಚನವನ್ನಾದರೂ ಕೇಳಿಸೋಣವೆಂದು ಬ್ಲೂಟೂತ್ ಸ್ಪೀಕರೊಂದನ್ನು ಕೊಡಲು ನಾವು ನಿಶ್ಚಯಿಸಿದೆವು. ಯಾವುದನ್ನು ಕೊಡತಕ್ಕದ್ದೆಂಬುದರಲ್ಲಿ ಮಾತ್ರ ಮನೆಯಲ್ಲಿ ಒಮ್ಮತವಾಗಲಿಲ್ಲ. ಆದುದರಿಂದ ಎರಡನ್ನು ತೆಗೆದುಕೊಂಡು, ಕಿರಿಯ ಮಗನೊಡನೆ ಚೈತ್ರಮಾಸದ ಒಂದು ಪ್ರಾತಃಕಾಲದಲ್ಲಿ ತುಮಕೂರಿನಿಂದ ಹೊರಟೆವು.

ಚಿಕ್ಕದು ಜೆಬಿಎಲ್ ಗೋ 3. ತೂಕವು 209 ಗ್ರಾಂ. ಒಮ್ಮೆ ಚಾರ್ಜು ತುಂಬಿದರೆ ಸುಮಾರು 5 ಗಂಟೆ ನುಡಿಯುವುದೆಂದು ತಯಾರಕರ ಹೇಳಿಕೆ. ದೊಡ್ಡದು ಫ್ಲಿಪ್ 6; 550 ಗ್ರಾಂ, 12 ಗಂಟೆ. ಎರಡರೊಳಕ್ಕೂ ಧೂಳು ಹೋಗದು, ನೀರು ಬಿದ್ದರೂ ಕೆಡವು. ಬ್ಲೂಟೂತ್ ಎಂಬುದು ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡನ ಬಿರುದು. ಸಂಸ್ಕೃತದಲ್ಲಿ ಹೇಳುವುದಾದರೆ ಅವನು ನೀಲದಂತನು!

ಮೊದಲು ಕೊರಟಗೆರೆಯ ಸಿದ್ಧರಬೆಟ್ಟವನ್ನು ಹತ್ತಿದೆವು. ಮೂಲಿಕೆಗಳಿಗೆ ಹೆಸರಾದ ಈ ಬೆಟ್ಟದ ಗುಹೆಯಲ್ಲಿ ಸಿದ್ಧೇಶ್ವರನ ಸನ್ನಿಧಿಯುಂಟು. ಚಿಕ್ಕದು ನಮ್ಮ ಜುಬ್ಬದ ಜೇಬಿನಲ್ಲಿತ್ತು, ದೊಡ್ಡದು ಮಗನ ಹೆಗಲಚೀಲದಲ್ಲಿ. ಮೆಟ್ಟಿಲ ದಾರಿಯಲ್ಲಿ ಯಾವುದೂ ಭಾರವೆನಿಸಲಿಲ್ಲ. ಮಧುಗಿರಿಯ ಏಕಶಿಲೆಯಲ್ಲಿ ಹಾಗಾಗಲಿಲ್ಲ. ಸಮುದ್ರಮಟ್ಟಕ್ಕೆ ಸುಮಾರು 3,930 ಅಡಿ ಎತ್ತರದ ಈ ದುರ್ಗದಲ್ಲಿ ಬಂಡೆಯ ಮೈಯಲ್ಲೇ ಕಡಿದ ಮೆಟ್ಟಿಲುಗಳಿವೆ. ಕೆಲವೆಡೆ ಎರಡು ಕೈಗಳೂ ಆಧಾರಕ್ಕೆ ಬೇಕು. ಅಲ್ಲಿ ಹೆಗಲಚೀಲವು ಅತ್ತಿತ್ತ ಜೋಲಾಡಿ ಮಗನನ್ನು ಕಾಡಿತು. ಜೇಬಿನದರ ನೆನಪೇ ನಮಗಾಗಲಿಲ್ಲ. ನಡುವಣ ಬಾಗಿಲಲ್ಲಿ ಕುಳಿತು ಎರಡನ್ನೂ ನುಡಿಸಿದೆವು. ಚಿಕ್ಕದರ ದನಿಯನ್ನು ಗಾಳಿಯು ಒಯ್ದಿತು. ದೊಡ್ಡದರ ದನಿಯು ಗಂಭೀರವಾಗಿ ನಿಂತಿತು. ಮಗನು ಗೆದ್ದವನಂತೆ ನಕ್ಕನು.

ಶಿರಾದಲ್ಲಿ 1651ರ ಮಲಿಕ್ ರಿಹಾನನ ದರ್ಗಾವನ್ನೂ 1696ರ ಜುಮ್ಮಾ ಮಸೀದಿಯನ್ನೂ ನೋಡಿ, ಸಮೀಪದ ಕಗ್ಗಲಡುವಿಗೆ ಹೋದೆವು. ಊರೊಳಗಿನ ಹುಣಿಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿದ್ದವು. ಊರವರು ಅವನ್ನು ಮನೆಯ ಮಕ್ಕಳಂತೆ ಕಾಯುತ್ತಾರೆ. ಅಲ್ಲಿ ಎರಡು ಪೆಟ್ಟಿಗೆಗಳ ಬಾಯನ್ನೂ ಮುಚ್ಚಿದೆವು. ಎಲ್ಲಿಗೂ ಒಯ್ಯಬಹುದಾದುದನ್ನು ಎಲ್ಲೆಡೆಯೂ ನುಡಿಸಬೇಕೆಂಬ ವಿಧಿಯಿಲ್ಲ.

ಪಾವಗಡದ ತಿರುಮಣಿಯ ಬಳಿ ಸುಮಾರು 13,000 ಎಕರೆಯಲ್ಲಿ, 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರಫಲಕಗಳು ಕೆರೆಯ ನೀರಿನಂತೆ ಹೊಳೆಯುತ್ತವೆ. 2018ರಲ್ಲಿ ಉದ್ಘಾಟನೆಯಾದ ಶಕ್ತಿಸ್ಥಳವಿದು. ಅದನ್ನು ದಾಟಿ ಸಂಜೆಗೆ ಅಕ್ಕನವರ ಮನೆಯನ್ನು ಸೇರಿದೆವು.

ಅಕ್ಕನವರು ದೊಡ್ಡದನ್ನು ತಡವಿ ನೋಡಿ, "ದನಿ ಚೆನ್ನಾಗಿದೆಯಪ್ಪ, ಆದರೆ ಒಂದು ಕೈಯಲ್ಲಿ ಕೋಲು ಹಿಡಿದುಕೊಂಡು ಇದನ್ನು ಹೇಗೋ ತರಲಿ?" ಎಂದರು. ಚಿಕ್ಕದರ ದಾರವನ್ನು ಬೆರಳಿಗೆ ಸಿಕ್ಕಿಸಿಕೊಂಡು, ಕೋಲೂರುತ್ತ ಜಗಲಿಯಿಂದ ಅಡಿಗೆಮನೆಗೆ ನಡೆದರು. ಅಲ್ಲಿಗೆ ಹೋದೊಡನೆ ವಾಚನವು ತುಂಡುತುಂಡಾಯಿತು! ಫೋನು ಜಗಲಿಯಲ್ಲೇ ಉಳಿದಿತ್ತು. ಬಯಲಿನಲ್ಲಿ ಹತ್ತು ಮೀಟರಿನವರೆಗೆ ನಡೆಯುವ ಸಂಪರ್ಕವು ಆ ಮಣ್ಣಿನ ದಪ್ಪಗೋಡೆಗಳನ್ನು ದಾಟಲಾರದಾಯಿತು. ಪೆಟ್ಟಿಗೆಯು ಸ್ವತಃ ಏನನ್ನೂ ಬಲ್ಲದಲ್ಲ. ಫೋನು ಹೇಳಿಕೊಟ್ಟುದನ್ನು ಒಪ್ಪಿಸುವ ವಿದ್ಯಾರ್ಥಿ ಅದು. ಈ ಮಾತು ಬೆಟ್ಟಗಳಲ್ಲಿ ನಮಗೆ ಹೊಳೆದೇ ಇರಲಿಲ್ಲ. ಅಲ್ಲಿ ಫೋನು ನಮ್ಮ ಜೇಬಿನಲ್ಲೇ ಇತ್ತಷ್ಟೆ.

ನಮ್ಮ ಹಳೆಯ ಫೋನಿಗೆ ವಾಚನಗಳನ್ನು ತುಂಬಿ, ಅಕ್ಕನವರ ಸೊಂಟಕ್ಕೊಂದು ಬಟ್ಟೆಯ ಸಂಚಿಯನ್ನು ಹೊಲಿಸಿ, ಅದರಲ್ಲಿ ಇಟ್ಟೆವು. ಪಕ್ಕದ ಮನೆಯ ಶಾಲೆಯ ಹುಡುಗಿಯು ದಿನವೂ ಸಂಜೆ ಬಂದು ಅದನ್ನು ಹಚ್ಚಿಕೊಡಲು ಒಪ್ಪಿದಳು. ಅಕ್ಕನವರು ಕೇಳುವುದು ಎರಡು ಗಂಟೆ. ಐದು ಗಂಟೆಯ ಚಾರ್ಜು ಅವರಿಗೆ ಧಾರಾಳವಾಯಿತು. ದೊಡ್ಡದನ್ನು ಮಗನು ಹಿಂದಕ್ಕೆ ಹೊತ್ತು ತಂದನು.

ಅಂಗಡಿಯಲ್ಲಿ ಗ್ರಾಮುಗಳನ್ನೂ ಗಂಟೆಗಳನ್ನೂ ಹೋಲಿಸುವುದು ಉಚಿತವೇ. ಆದರೆ ಒಯ್ಯುವ ಸೌಕರ್ಯವನ್ನು ಒಯ್ಯುವವರ ಕೈಯಿಂದಲೇ ಅಳೆಯಬೇಕು. ಹಿರಿಯರಿಗಾಗಿ ಕೊಳ್ಳುವ ಗೃಹಸ್ಥರು ಪೆಟ್ಟಿಗೆಯನ್ನು ಮೊದಲು ಅವರ ಕೈಯಲ್ಲಿರಿಸಿ, ನಾಲ್ಕು ಹೆಜ್ಜೆ ನಡೆಯಿಸಿ ನೋಡಲಿ.