ಕಡಲ ಬಂಡೆಯ ಮೇಲೆ ಕಂಡ ನಮ್ಮೂರು

ಸೋಲಾಪುರ ಜಿಲ್ಲೆ ಅಕ್ಕಲಕೋಟ ತಾಲೂಕಿನ ವಾಗದರಿ ನಮ್ಮೂರು. ಜೋಳ, ತೊಗರಿ ಬೆಳೆಯುವ ಎರೆಭೂಮಿ. ಮಳೆಗಾಗಿ ಮುಗಿಲು ನೋಡುವುದು ನಮಗೆ ರೂಢಿ. ಕಡಲು ನೋಡಿದವರು ಮಾತ್ರ ಮನೆಯಲ್ಲಿ ಒಬ್ಬರೂ ಇರಲಿಲ್ಲ. ಕಳೆದ ಜನವರಿಯಲ್ಲಿ ಅವ್ವ, ಮಕ್ಕಳ ಸಮೇತ ಉಡುಪಿಯ ಮಲ್ಪೆಗೆ ಹೋಗಿ, ದೋಣಿ ಹತ್ತಿ ಸಂತ ಮೇರಿ ದ್ವೀಪಕ್ಕೆ ಬಂದಿಳಿದೆವು.

1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು, ಮಾತೆ ಮರಿಯಮ್ಮನವರ ಹೆಸರಿಟ್ಟನೆಂಬ ಪ್ರತೀತಿಯಿದೆ. ಕಂಬಗಳನ್ನು ಒತ್ತಾಗಿ ನಿಲ್ಲಿಸಿದಂತಿರುವ ಬಂಡೆಗಳು ಲಾವಾರಸ ಆರಿ ಆದವು. ನಮ್ಮೂರ ಕರಿಕಲ್ಲೂ ಲಾವಾದ್ದೇ. ಹಾಗಾಗಿ ಅವ್ವನಿಗೆ ಕಲ್ಲು ಹೊಸದೆನಿಸಲಿಲ್ಲ. ಹೊಸದೆನಿಸಿದ್ದು ಕಲ್ಲಿಗಂಟಿದ ಶಂಖದ ಹುಳುಗಳು.

"ಈಗ ಇಳಿತ, ಬುಡದವರೆಗೂ ನೋಡಬಹುದು. ಪಾಚಿ ಜಾರ್ತದೆ, ಜಾಗ್ರತೆ" ಎಂದರು ದೋಣಿಯವರು. ಬಂಡೆಯ ನೆತ್ತಿಯಲ್ಲಿ, ಅಲೆಯ ಹನಿ ಮಾತ್ರ ಸಿಡಿಯುವಲ್ಲಿ, ತೊಗರಿ ಕಾಳಿನಷ್ಟು ದಪ್ಪದ ಹುಳುಗಳಿದ್ದವು. ಅದೇ ಜಾತಿಯವು ತುಸು ಕೆಳಗಿನ ತೇವದ ಬಿರುಕಿನಲ್ಲಿ ಸಜ್ಜೆ ಕಾಳಿನಷ್ಟು. ಇನ್ನೂ ಕೆಳಗೆ, ಸದಾ ನೀರಾಡುವಲ್ಲಿ, ಬೇರೆ ಜಾತಿಯವು. ಅವುಗಳಲ್ಲಿ ದೊಡ್ಡವೇ ತಳದಲ್ಲಿದ್ದವು.

ಈ ಕ್ರಮ ಜಗತ್ತಿನ ಹಲವು ಕಡಲತೀರಗಳಲ್ಲಿದೆ. ಖೀರತ್ ವರ್ಮೇ ಎಂಬ ವಿಜ್ಞಾನಿ 1972ರಲ್ಲಿ ಇದಕ್ಕೆ ಕಾರಣ ಹೇಳಿದರು. ಎಳವೆಯಲ್ಲೇ ದೃಷ್ಟಿ ಕಳೆದುಕೊಂಡ ಅವರು ಚಿಪ್ಪುಗಳನ್ನು ಬೆರಳಿನಿಂದಲೇ ಓದಿದವರು. ಅವರ ಮಾತಿನ ಸಾರ ಇಷ್ಟು: ಎಲ್ಲಿ ಸಾವು ಹೆಚ್ಚೋ ಅಲ್ಲಿ ಎಳೆಯವು ಉಳಿಯುವುದಿಲ್ಲ. ನೆತ್ತಿಯಲ್ಲಿ ಬಿಸಿಲೇ ವೈರಿ. ಸಣ್ಣ ಹುಳುವಿನ ಚಿಪ್ಪಿನೊಳಗೆ ಹಿಡಿಯುವ ನೀರು ಕಡಿಮೆ, ಬೇಗ ಒಣಗುತ್ತದೆ. ದೊಡ್ಡದು ಬಾಯಿಗೆ ಮುಚ್ಚಳ ಹಾಕಿಕೊಂಡು ಮುಂದಿನ ಉಬ್ಬರದವರೆಗೆ ತಡೆಯುತ್ತದೆ. ತಳದಲ್ಲಿ ಏಡಿ, ಮೀನುಗಳೇ ವೈರಿ. ಅಲ್ಲಿ ದಪ್ಪ ಚಿಪ್ಪಿನ ದೊಡ್ಡವು ಬಾಳುತ್ತವೆ. ಅವುಗಳ ಮರಿಗಳು ತುಸು ಮೇಲಿರುತ್ತವೆ.

1972 ಎಂದೊಡನೆ ಅವ್ವ ತಿರುಗಿ ನೋಡಿದಳು. ನಮ್ಮ ಕಡೆ ಅದು ಇಂದಿಗೂ ಬರದ ಹೆಸರು.

"ಆಗ ನನಗ ಎಂಟು ವರ್ಷ. ನಮ್ಮನ್ನ ಮಾವನ ಮನಿಗೆ ಕಳಿಸಿದ್ರು, ಅಲ್ಲಿ ಬಾವ್ಯಾಗ ನೀರಿತ್ತು. ಅಪ್ಪ, ಅವ್ವ ಊರಾಗ ಖಡಿ ಒಡಕೋತ ನಿಂತ್ರು" ಎಂದಳು. ಇಷ್ಟು ವರ್ಷದಲ್ಲಿ ಈ ಮಾತನ್ನು ನಾವು ಕೇಳಿರಲಿಲ್ಲ.

ಅಷ್ಟರಲ್ಲಿ ಮಗಳು ಬಿರುಕಿನಿಂದ ಆರೇಳು ಮರಿಹುಳು ಬಿಡಿಸಿ, ಅಲೆ ಬಡಿಯಬಾರದೆಂದು ಬಂಡೆಯ ನೆತ್ತಿಯ ಮೇಲೆ ಸಾಲಾಗಿ ಇಟ್ಟಿದ್ದಳು. ಅವಳ ಕರುಣೆಯೇ ಅವಕ್ಕೆ ಬಿಸಿಲಾಗುತ್ತಿತ್ತು. ಬೈಯಲು ಮನಸ್ಸಾಗಲಿಲ್ಲ. ಅವ್ವ ಸೆರಗು ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕುಳಿತು, ಮೊಮ್ಮಗಳ ಕೈ ಹಿಡಿದು ಒಂದೊಂದನ್ನೇ ಮರಳಿ ತೇವದ ಬಿರುಕಿಗೆ ಇಡಿಸಿದಳು.

"ಇವಕ್ಕ ಇದೇ ಮಾವನ ಮನಿ, ತಂಗಿ" ಎಂದಳು. ದೋಣಿ ಕರೆಯುವವರೆಗೂ ಇಬ್ಬರೂ ಅಲ್ಲೇ ಕುಳಿತಿದ್ದರು.