ಮಲ್ಪೆಯ ಕಲ್ಲುಗುಂಡಿಗಳೂ ನಮ್ಮ ಮನೆಯ ಕಡಲೂ

ಮೈಸೂರಿನಿಂದ ಮಡಿಕೇರಿ, ಸಂಪಾಜೆಗಳ ಮಾರ್ಗವಾಗಿ ಕರಾವಳಿಗೆ ಇಳಿಯುವವರು ಸಾಮಾನ್ಯವಾಗಿ ದೇವರ ದರ್ಶನಕ್ಕೋ ಗಾಳಿ ಬದಲಾವಣೆಗೋ ಹೋಗುವರು. ಕಳೆದ ಪುಷ್ಯಮಾಸದಲ್ಲಿ ನಾವು ಉಡುಪಿಗೆ ಹೊರಟಾಗ ನೆರೆಹೊರೆಯವರಿಗೆ ಕೃಷ್ಣದರ್ಶನವೆಂದೇ ಹೇಳಿದೆವು. ಒಳಗಿನ ಕಾರಣವು ಎರಡು ಸಣ್ಣ ಮೀನುಗಳ ಸಾವಾಗಿದ್ದಿತು.

ನನ್ನ ಮಗಳಿಗೆ ಹತ್ತು ವರ್ಷ. ಸ್ನೇಹಿತರೊಬ್ಬರ ಮನೆಯಲ್ಲಿ ಕಡಲ ಮೀನುಗಳ ಗಾಜಿನ ತೊಟ್ಟಿಯನ್ನು ನೋಡಿ ಬಂದಂದಿನಿಂದ ಅವಳಿಗೆ ಬೇರೆ ಧ್ಯಾನವಿರಲಿಲ್ಲ. ನಾನೂ ಹಿಂದುಮುಂದು ನೋಡದೆ 60 ಲೀಟರಿನ ತೊಟ್ಟಿಯೊಂದನ್ನು ಕೊಂಡು ತಂದೆನು. ಶನಿವಾರ ಪೊಟ್ಟಣದ ಉಪ್ಪನ್ನು ನೀರಿಗೆ ಬೆರೆಸಿದೆವು. ಭಾನುವಾರ, ಅಂಗಡಿಯವರು ಕ್ಲೌನ್ ಮೀನೆಂದು ಕರೆಯುವ, ಕಿತ್ತಳೆ ಮೈಯ ಮೇಲೆ ಬಿಳಿಯ ಪಟ್ಟೆಗಳುಳ್ಳ ಎರಡು ಮೀನುಗಳನ್ನು ಬಿಟ್ಟೆವು. ಐದನೆಯ ದಿನ ಒಂದು, ಏಳನೆಯ ದಿನ ಮತ್ತೊಂದು ತೇಲಿದವು. ನೀರು ಸ್ಫಟಿಕದಂತೆ ತಿಳಿಯಾಗಿಯೇ ಇದ್ದಿತು. “ಅಪ್ಪಾ, ಸಮುದ್ರದಲ್ಲಿರುವುದೂ ಉಪ್ಪುನೀರೇ ಅಲ್ಲವೆ? ಅಲ್ಲಿ ಬದುಕುವುದು ಇಲ್ಲೇಕೆ ಸತ್ತಿತು?” ಎಂದು ಮಗಳು ಕೇಳಿದಳು. ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ. ಆ ಕ್ಷಣಕ್ಕೆ ತೋಚಿದುದು, ಸಮುದ್ರವನ್ನೇ ಹೋಗಿ ನೋಡೋಣವೆಂಬುದು.

ಉಡುಪಿಯಿಂದ ಮಲ್ಪೆಯು ಆರು ಕಿಲೋಮೀಟರು. ಅಲ್ಲಿಂದ ದೋಣಿಯಲ್ಲಿ ಸಂತ ಮೇರಿ ದ್ವೀಪಕ್ಕೆ ಹೋಗಬೇಕು. ಮಳೆಗಾಲದಲ್ಲಿ ಈ ಸಂಚಾರವು ನಿಂತೇ ಹೋಗುವುದು. ಉಳಿದ ಕಾಲದಲ್ಲಿಯೂ ಸಾಕಷ್ಟು ಜನ ಕೂಡದೆ, ಗಾಳಿ ಒಪ್ಪದೆ ದೋಣಿ ಬಿಡುವುದಿಲ್ಲ. ನಾವು ಎಂಟು ಗಂಟೆಗೇ ಹೋಗಿ ನಿಂತೆವು. ಎಂಟೂವರೆಯಾಯಿತು, ಒಂಬತ್ತೂವರೆಯಾಯಿತು. ನಾನು ಗಡಿಯಾರವನ್ನು ನಾಲ್ಕನೆಯ ಸಲ ನೋಡಿದಾಗ, ಪಕ್ಕದಲ್ಲಿ ಬಲೆಯ ಹರುಕನ್ನು ಹೆಣೆಯುತ್ತ ಕುಳಿತಿದ್ದ ಮುದುಕರೊಬ್ಬರು ನಕ್ಕರು.

“ಈಗ ಹೋಗಿ ನೀವು ಮಾಡುವುದೆಂತ ಮಾರಾಯ್ರೇ? ಇವತ್ತು ಅಷ್ಟಮಿ. ನೀರು ಇಳಿಯುವಾಗ ಹನ್ನೊಂದಾಗುತ್ತದೆ. ಈಗ ಹೋದರೆ ಕಲ್ಲಿನ ತಲೆ ಮಾತ್ರ ಕಾಣುತ್ತದೆ, ಹೊಟ್ಟೆ ಕಾಣುವುದಿಲ್ಲ.”

ಅವರ ಮಾತು ನಿಜವಾಯಿತು. ದ್ವೀಪದ ಕಲ್ಲುಗಳೆಂದರೆ ನಾವು ಗುಡ್ಡಬೆಟ್ಟಗಳಲ್ಲಿ ಕಾಣುವ ಬಂಡೆಗಳಲ್ಲ. ಬಡಗಿಯು ಅಳೆದು ಕೊರೆದಂತೆ ಐದು, ಆರು ಮುಖಗಳ ಕಂಬಗಳು ಸಾಲುಸಾಲಾಗಿ ನಿಂತಿವೆ. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರವು ನಮ್ಮ ನೆಲದಿಂದ ಬೇರ್ಪಡುತ್ತಿದ್ದಾಗ ಉಕ್ಕಿದ ಲಾವಾರಸವು ಆರುತ್ತ, ಕುಗ್ಗುತ್ತ, ಬಿರಿದು ಹೀಗಾಯಿತೆಂದು ಭೂವಿಜ್ಞಾನಿಗಳು ಹೇಳುವರು. ಜನರು ಕಂಬಗಳ ಮೇಲೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಿದ್ದರು. ನಾವು ಕೆಳಗೆ, ಇಳಿತದ ನೀರು ಬಿಟ್ಟುಹೋದ ಗುಂಡಿಗಳ ಬಳಿ ಕುಕ್ಕುರುಗಾಲಿನಲ್ಲಿ ಕುಳಿತೆವು.

ಮೊದಲು ಏನೂ ಕಾಣಿಸಲಿಲ್ಲ. ಸ್ವಲ್ಪ ಹೊತ್ತು ಅಲುಗದೆ ಕುಳಿತ ಮೇಲೆ ಒಂದೊಂದೇ ಹೊರಬಂದವು: ಶಂಖದ ಚಿಪ್ಪನ್ನೇ ಮನೆ ಮಾಡಿಕೊಂಡು ಎಳೆದಾಡುವ ಏಡಿ, ಮರಳಿನ ಬಣ್ಣದ ಬೆರಳುದ್ದದ ಮೀನು, ಹೂವಿನಂತೆ ಅರಳಿದ್ದು ನೆರಳು ಬಿದ್ದೊಡನೆ ಮುದುಡುವ ಒಂದು ಪ್ರಾಣಿ. ಕಲ್ಲಿನ ಮೈಯೆಲ್ಲ ಕಂದುಹಸುರಾದ ಲೋಳೆಯ ಪೊರೆ. ನಾನು ಅದನ್ನು ಕೊಳೆಯೆಂದುಕೊಂಡೆನು. ಆ ಅಜ್ಞಾನಕ್ಕೆ ಈಗ ನಾಚಿಕೆಯಾಗುತ್ತದೆ.

ನಾನು ಬೇರೆ ಕಡೆ ನೋಡುತ್ತಿದ್ದಾಗ ಮಗಳು ತಿಂಡಿಯ ಡಬ್ಬಿಯನ್ನು ಬರಿದುಮಾಡಿ, ಗುಂಡಿಯ ನೀರು ತುಂಬಿ, ಆ ಮೀನೊಂದನ್ನು ಅದರೊಳಗೆ ಹಿಡಿದಿದ್ದಳು. ಮನೆಗೆ ಒಯ್ಯುವ ಹಂಚಿಕೆ. ಬೈಯಬೇಕೆಂದಿದ್ದವನು ಬೈಯಲಿಲ್ಲ. ಅರ್ಧ ಗಂಟೆಯೊಳಗೆ ಬಿಸಿಲಿಗೆ ಡಬ್ಬಿಯ ನೀರು ಬೆಚ್ಚಗಾಯಿತು. ಮೀನು ಮೇಲಕ್ಕೆ ಬಂದು ಬಾಯಿ ತೆರೆಯತೊಡಗಿತು. ಮಗಳ ಮುಖ ಬಾಡಿತು. ಅವಳೇ ಎದ್ದು ಹೋಗಿ ಡಬ್ಬಿಯನ್ನು ಗುಂಡಿಗೆ ಬಗ್ಗಿಸಿದಳು. ಮೀನು ಕಲ್ಲಿನ ಸಂದಿಗೆ ನುಗ್ಗಿ ಮಾಯವಾಯಿತು.

ಗುಂಡಿಗೂ ಡಬ್ಬಿಗೂ ಇರುವ ಭೇದವೇ ಅವಳ ಪ್ರಶ್ನೆಗೆ ಉತ್ತರವಾಗಿದ್ದಿತು. ಗುಂಡಿಗೆ ದಿನಕ್ಕೆ ಎರಡು ಸಲ ಉಬ್ಬರದ ಹೊಸ ನೀರು ಬರುವುದು. ಅದಕ್ಕಿಂತ ಮುಖ್ಯವಾಗಿ, ನಾನು ಕೊಳೆಯೆಂದುಕೊಂಡ ಆ ಪೊರೆಯಲ್ಲಿ ಕಣ್ಣಿಗೆ ಕಾಣದ ಜೀವಾಣುಗಳು ವಾಸವಾಗಿವೆ. ಮೀನಿನ ಉಸಿರು, ಮಲಗಳಿಂದ ಅಮೋನಿಯವೆಂಬ ವಿಷವು ನೀರಿಗೆ ಸೇರುತ್ತದೆ. ಒಂದು ಬಗೆಯ ಜೀವಾಣುಗಳು ಅದನ್ನು ನೈಟ್ರೈಟಾಗಿ ಮಾರ್ಪಡಿಸುವುವು, ಅದೂ ವಿಷವೇ. ಮತ್ತೊಂದು ಬಗೆಯವು ಅದನ್ನು ಅಷ್ಟಾಗಿ ಹಾನಿ ಮಾಡದ ನೈಟ್ರೇಟಾಗಿ ಬದಲಿಸುವುವು. ಇವುಗಳ ಕೆಲಸವನ್ನು ರಷ್ಯದ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿಯು 1890ರ ಸುಮಾರಿನಲ್ಲಿ ತೋರಿಸಿಕೊಟ್ಟನು. ಹೊಸ ತೊಟ್ಟಿಯಲ್ಲಿ ಈ ಜೀವಾಣುಗಳು ನೆಲೆಯೂರಲು ನಾಲ್ಕರಿಂದ ಆರು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬೇಕು. ನಾವು ಕೊಟ್ಟುದು ಒಂದು ರಾತ್ರಿ.

ಈ ಹವ್ಯಾಸದ ಮೊದಲಿಗರಿಗೆ ಇಷ್ಟು ತಿಳಿವಳಿಕೆಯೂ ಇರಲಿಲ್ಲ. 1846ರಲ್ಲಿ ಆನ್ನಾ ಥಿನ್ ಎಂಬ ಮಹಿಳೆಯು ಇಂಗ್ಲೆಂಡಿನ ಟಾರ್ಕೀ ತೀರದಿಂದ ಹವಳದ ಜಾತಿಯ ಜೀವಿಗಳನ್ನು ಲಂಡನ್ನಿಗೆ ಒಯ್ದಳು. ಅವುಗಳ ನೀರಿಗೆ ಗಾಳಿ ಸೇರಲೆಂದು ಮನೆಯ ದಾಸಿಯು ಪ್ರತಿದಿನವೂ ತೆರೆದ ಕಿಟಕಿಯ ಮುಂದೆ ನಿಂತು ಅರ್ಧ, ಮುಕ್ಕಾಲು ಗಂಟೆ ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತಿದ್ದಳಂತೆ. ಆ ಜೀವಿಗಳು ಮೂರು ವರ್ಷಗಳ ಹತ್ತಿರ ಬದುಕಿದವು. ಕೀರ್ತಿ ಒಡತಿಗೆ ಬಂದಿತು; ದಾಸಿಯ ತೋಳುನೋವನ್ನು ಯಾರೂ ಬರೆದಂತೆ ಕಾಣೆ.

ಮರಳಿ ಬರುವಾಗ ಜೀವವಿರುವ ಕಲ್ಲೊಂದನ್ನು ತರುವ ಆಸೆ ನನಗೂ ಆಯಿತೆಂಬುದನ್ನು ಮುಚ್ಚಿಡುವುದಿಲ್ಲ. ತರಲಿಲ್ಲ. ನಮ್ಮ ದೇಶದ ಹವಳಗಳಿಗಂತೂ 2001ರಿಂದ ವನ್ಯಜೀವಿ ಸಂರಕ್ಷಣಾ ಶಾಸನದ ರಕ್ಷಣೆಯುಂಟು. ಅವನ್ನು ಕಿತ್ತು ತರುವುದು ಅಪರಾಧ. ತೊಟ್ಟಿಗೆ ಕೃತಕವಾಗಿ ಮಾಡಿದ ಸರಂಧ್ರ ಕಲ್ಲೇ ಸಾಕು.

ಈ ಸಲ 200 ಲೀಟರಿನ ತೊಟ್ಟಿ. ಸಣ್ಣ ತೊಟ್ಟಿಯು ಅಗ್ಗವೆಂದು ಕಂಡರೂ ನಮ್ಮ ತಿಂಡಿಯ ಡಬ್ಬಿಯಂತೆ ಬೇಗ ಕೆಡುವುದು. ಕಲ್ಲು, ಗಾಜು ಸೇರಿ ಕಾಲು ಟನ್ನಿಗೂ ಮೀರುವ ಭಾರವಾದುದರಿಂದ ಮೊದಲು ಅದರ ಪೀಠವನ್ನೇ ಹೊಸದಾಗಿ ಮಾಡಿಸಿದೆವು. ನಲ್ಲಿಯ ನೀರಿನಲ್ಲಿ ಕ್ಲೋರೀನು ಇರುವುದರಿಂದ ಶುದ್ಧೀಕರಿಸಿದ ನೀರನ್ನೇ ಬಳಸಿ, ಲೀಟರಿಗೆ ಸುಮಾರು 35 ಗ್ರಾಮಿನಂತೆ ಉಪ್ಪು ಬೆರೆಸಿ, ಒಂದು ದಿನವಿಡೀ ತಿರುಗಲು ಬಿಟ್ಟು, ಹೈಡ್ರೋಮೀಟರು 1.025 ತೋರಿಸಿದ ಮೇಲೆ ಮುಂದಿನ ಕೆಲಸ. ನೀರು ಆವಿಯಾಗಿ ಇಳಿದಾಗ ಉಪ್ಪುನೀರನ್ನು ಸೇರಿಸಬಾರದು, ಸಿಹಿನೀರನ್ನೇ ಸೇರಿಸಬೇಕು; ಉಪ್ಪು ಆವಿಯಾಗುವುದಿಲ್ಲವಷ್ಟೆ. ವಿದ್ಯುತ್ತು ಹೋದಾಗ ಗಾಳಿಯೂದಲು ಬ್ಯಾಟರಿಯ ಪಂಪೊಂದನ್ನು ಕೊಂಡಿಟ್ಟೆನು. ನಮ್ಮ ಬಡಾವಣೆಯವರಿಗೆ ಅದರ ಅಗತ್ಯವನ್ನು ವಿವರಿಸಬೇಕಾಗಿಲ್ಲ.

ಅನಂತರ ಬರಿಯ ನೀರು. ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು, ಮೀನಿಲ್ಲದ ತೊಟ್ಟಿಗೆ, ಜೀವಾಣುಗಳ ಸಲುವಾಗಿ ಹಾಕುತ್ತಿದ್ದೆವು. ಬಂದವರೆಲ್ಲ “ಮೀನೆಲ್ಲಿ?” ಎನ್ನುವರು. ಮೂರನೆಯ ವಾರದಲ್ಲಿ ಕಲ್ಲು, ಮರಳುಗಳ ಮೇಲೆ ಕಂದು ಪೊರೆ ಹಬ್ಬಿತು. ನಾನು ಗಾಬರಿಯಿಂದ ಉಜ್ಜಲು ಹೊರಟಾಗ ನನ್ನಾಕೆ ತಡೆದು, “ಹೆಪ್ಪು ಹಾಕಿದ ಮೇಲೆ ಪಾತ್ರೆ ಅಲುಗಿಸುವುದು ಯಾವ ಜಾಣತನ? ಸುಮ್ಮನೆ ಬಿಡಿ” ಎಂದಳು. ಎರಡು ವಾರಗಳಲ್ಲಿ ಅದು ತಾನಾಗಿ ಕಡಿಮೆಯಾಯಿತು. ಪರೀಕ್ಷೆಯ ನಳಿಗೆಯಲ್ಲಿ ಹನಿ ಹಾಕಿ ಬಣ್ಣ ನೋಡುವ ಕೆಲಸ ಮಗಳದು. ಅಮೋನಿಯವು ಏರಿ ಇಳಿಯಿತು; ನೈಟ್ರೈಟು ಏರಿ, ಬಹುದಿನ ಹಟ ಹಿಡಿದು, ಕೊನೆಗೆ ಇಳಿಯಿತು. ಎರಡೂ ಸೊನ್ನೆಯಾದ ದಿನ ಕುಣಿದವಳೇ ಮರುದಿನ, ಅದರ ಮರುದಿನ ಮತ್ತೆ ಪರೀಕ್ಷಿಸಿದಳು. ಒಂದು ವಾರ ನಿಂತೇ ನೋಡೋಣವೆಂದು ಹೇಳಿದವಳು ಅವಳು, ನಾನಲ್ಲ.

ನಲವತ್ತೇಳನೆಯ ದಿನ ಒಂದು ಜೊತೆ ಮೀನು ಬಂದಿತು. ಕಡಲಿನಿಂದ ಹಿಡಿದುವಲ್ಲ, ತೊಟ್ಟಿಯಲ್ಲಿಯೇ ಹುಟ್ಟಿ ಬೆಳೆದುವು. ಚೀಲವನ್ನು ನೀರಿನ ಮೇಲೆ ತೇಲಬಿಟ್ಟು, ತಾಪ ಸಮನಾದ ಮೇಲೆ ಹನಿಹನಿಯಾಗಿ ನಮ್ಮ ನೀರನ್ನು ಬೆರೆಸಿ, ಒಂದು ಗಂಟೆಯ ಅನಂತರ ಬಿಟ್ಟೆವು. ಎರಡೂ ಕಲ್ಲಿನ ಹಿಂದೆ ಅಡಗಿದವು. ದೀಪ ಹಚ್ಚುವ ಹೊತ್ತಾದರೂ ಹೊರಗೆ ಬರಲಿಲ್ಲ. ಮಗಳು ಊಟದ ತಟ್ಟೆಯನ್ನು ತೊಟ್ಟಿಯ ಮುಂದಕ್ಕೇ ತರಿಸಿಕೊಂಡು, ದ್ವೀಪದ ಗುಂಡಿಯ ಬಳಿ ಕುಳಿತಿದ್ದಂತೆಯೇ ಅಲುಗದೆ ಕುಳಿತಳು.